ಒಂದೇ ಪಾಸ್‌ವರ್ಡು, ಎರಡು ಬಾಗಿಲು: ಅಡಿಕೆ ಸಂಘದ ಡೇಟಾಬೇಸಿಗೆ ಪೂಲರ್ ಹಾಕಿದ ಪ್ರಕರಣ

ಡಿಸೆಂಬರ್ ತಿಂಗಳು, ಬೆಳಿಗ್ಗೆ ಹತ್ತು ಗಂಟೆ. ತೀರ್ಥಹಳ್ಳಿ ಶಾಖೆಯಿಂದ ಫೋನ್ ಬಂತು. ಬಿಲ್ಲಿನ ಕೌಂಟರಿನಲ್ಲಿ ಕೂರುವ ಅಕ್ಕ ಮಾತಾಡಿದರು.

“ಸರ್, ಒಂದು ವಿಷಯ ಹೇಳಬೇಕಿತ್ತು. ಬೆಳಿಗ್ಗೆ ಗಡಿಬಿಡಿಯಲ್ಲಿ ಪಾಸ್‌ವರ್ಡ್ ತಪ್ಪು ಹೊಡೆದೆ. ಆದ್ರೂ ಒಳಗೆ ಬಿಡ್ತು.”

“ತಪ್ಪು ಅಂತ ಹೇಗೆ ಗೊತ್ತಾಯ್ತು ಅಕ್ಕ?”

“ಕೊನೇ ಅಂಕಿ ಹಾಕೋದು ಮರೆತಿದ್ದೆ. ಎಂತಕ್ಕೂ ನೋಡೋಣ ಅಂತ ಇನ್ನೊಂದ್ ಸಲ ಸುಮ್ನೆ ಏನೋ ಹೊಡೆದೆ. ಅದಕ್ಕೂ ಬಿಡ್ತು.”

ನನ್ನ ಕೈ ತಣ್ಣಗಾಯಿತು. ಯಾಕೆ ಹೀಗಾಯಿತು ಅಂತ ನನಗೆ ಗೊತ್ತಿತ್ತು. ಹಿಂದಿನ ರಾತ್ರಿ ಆ ಬಾಗಿಲು ತೆರೆದಿಟ್ಟವನು ನಾನೇ. ಅದು ಹೇಗಾಯಿತು, ಆಮೇಲೆ ಹೇಗೆ ಸರಿಯಾಯಿತು ಅನ್ನುವುದನ್ನು ಪೂರ್ತಿ ಬರೆದಿಡುತ್ತೇನೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಬಹುದು.

ಪೂಲರ್ ಯಾಕೆ ಬೇಕಾಯಿತು

ನಾವು ಶಿವಮೊಗ್ಗದಲ್ಲಿ ಒಂದು ಸಣ್ಣ ತಂಡ. ಅಡಿಕೆ ಬೆಳೆಗಾರರ ಒಂದು ಸಹಕಾರ ಸಂಘದ ಬಿಲ್ಲು, ತೂಕ, ಪಾವತಿಯ ತಂತ್ರಾಂಶ ನೋಡಿಕೊಳ್ಳುತ್ತೇವೆ. ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬದ ಕಡೆ ಶಾಖೆಗಳಿವೆ. ದೀಪಾವಳಿ ಕಳೆದು ಕೊನೆ ಕೊಯ್ಲು ಜೋರಾದರೆ, ಸುಲಿದು ಬೇಯಿಸಿ ಒಣಗಿಸಿದ ಹೊಸ ಅಡಿಕೆ ಡಿಸೆಂಬರಿನಿಂದ ಬರಲು ಶುರು. ರಾಶಿ, ಬೆಟ್ಟೆ, ಗೊರಬಲು, ಸರಕು ಎಲ್ಲವೂ ಚೀಲಗಟ್ಟಲೆ. ಆ ದಿನಗಳಲ್ಲಿ ಒಂದು ಗಂಟೆ ಕಂಪ್ಯೂಟರ್ ನಿಂತರೂ ಅಂಗಳದಲ್ಲಿ ಜೀಪು, ಪಿಕಪ್ಪುಗಳ ಸಾಲು ರಸ್ತೆವರೆಗೆ ಬರುತ್ತದೆ.

ಡೇಟಾಬೇಸ್ ಪೋಸ್ಟ್‌ಗ್ರೆಸ್. ತಂತ್ರಾಂಶ ಹಳೇ ರೀತಿಯದು. ಪ್ರತಿ ಗುಮಾಸ್ತರಿಗೂ ಡೇಟಾಬೇಸಿನಲ್ಲೇ ಒಂದು ಬಳಕೆದಾರ ಹೆಸರಿದೆ. ಯಾವ ಬಿಲ್ಲನ್ನು ಯಾರು ಮಾಡಿದರು, ಯಾರು ತಿದ್ದಿದರು ಅನ್ನುವುದನ್ನು ಟ್ರಿಗರ್ (ಡೇಟಾಬೇಸಿನಲ್ಲಿ ತಾನಾಗಿ ಓಡುವ ಸಣ್ಣ ಪ್ರೋಗ್ರಾಂ) ಆ ಹೆಸರಿನಿಂದಲೇ ಬರೆದುಕೊಳ್ಳುತ್ತದೆ. ಬೆಳೆಗಾರರು ಬಂದು “ನನ್ನ ತೂಕ ಯಾರು ಬದಲಿಸಿದ್ದು?” ಅಂತ ಕೇಳಿದರೆ ಉತ್ತರ ಅಲ್ಲಿರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ಮುಂದಿನ ಎಲ್ಲ ತೀರ್ಮಾನಗಳೂ ಇದರ ಮೇಲೆ ನಿಂತಿವೆ.

ಗುಮಾಸ್ತರು 64 ಜನ. ಪ್ರತಿ ಕಂಪ್ಯೂಟರೂ ಮೂರು ಕನೆಕ್ಷನ್ ಹಿಡಿಯುತ್ತಿತ್ತು: ಬಿಲ್ಲಿಗೊಂದು, ತೂಕದ ಯಂತ್ರಕ್ಕೊಂದು, ದರದ ಪಟ್ಟಿಗೊಂದು. ಒಟ್ಟು 192. ಪೋಸ್ಟ್‌ಗ್ರೆಸ್ಸಿನ ಮಾಮೂಲಿ ಮಿತಿ 100. ಅದರಲ್ಲೂ 3 ಅನ್ನು ಎಲ್ಲ ಹಕ್ಕೂ ಇರುವ ಸೂಪರ್‌ಯೂಸರಿಗೆ ಅಂತ ಎತ್ತಿಡುತ್ತದೆ. 98ನೆಯವರಿಗೆ ‘ರಿಮೇನಿಂಗ್ ಕನೆಕ್ಷನ್ ಸ್ಲಾಟ್ಸ್ ಆರ್ ರಿಸರ್ವ್ಡ್’ ಅನ್ನುವ ಸಂದೇಶ. ಮಿತಿ ಏರಿಸಬಹುದಿತ್ತು. ಆದರೆ ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್ನಿಗೂ ಬೇರೆ ಪ್ರೊಸೆಸ್ ಹುಟ್ಟುಹಾಕುತ್ತದೆ. ಅವುಗಳಲ್ಲಿ ಮುಕ್ಕಾಲು ಪಾಲು ಸುಮ್ನೆ ಕೂತಿರುತ್ತಿದ್ದವು. ಹಾಗಾಗಿ ನಡುವೆ ಒಂದು ಪೂಲರ್ ಇಡೋಣ ಅಂತಾಯಿತು. ನಾವು ಆರಿಸಿದ್ದು ಪಿಜಿಬೌನ್ಸರ್. ಡೇಟಾಬೇಸ್ ಇದ್ದ ಯಂತ್ರದಲ್ಲೇ, ಅದರ ಮಾಮೂಲಿ 6432 ಪೋರ್ಟಿನಲ್ಲಿ.

ಪೂಲರ್ ಮಾಡುವುದಿಷ್ಟು. ಗುಮಾಸ್ತರ ಕಂಪ್ಯೂಟರುಗಳು ಪೂಲರಿಗೆ ಸೇರುತ್ತವೆ. ಪೂಲರ್ ಕೆಲವೇ ಕನೆಕ್ಷನ್ನುಗಳನ್ನು ಡೇಟಾಬೇಸಿಗೆ ತೆರೆದಿಟ್ಟುಕೊಂಡು, ಕೆಲಸ ಬಂದವರಿಗೆ ಬಂದ ಹಾಗೆ ಕೊಡುತ್ತದೆ. ನಾವು ಹಾಕಿದ್ದು ಟ್ರಾನ್ಸಾಕ್ಷನ್ ಮೋಡ್. ಒಂದು ವಹಿವಾಟು ಮುಗಿದ ಕೂಡಲೇ ಆ ಕನೆಕ್ಷನ್ ಮುಂದಿನವರಿಗೆ.

ದಣಪೆ ಮತ್ತು ಹೆಬ್ಬಾಗಿಲು

ಪೂಲರ್ ಇಲ್ಲದಾಗ ಲಾಗಿನ್ ಅಂದರೆ ಒಂದೇ ಬಾಗಿಲು. ಪೂಲರ್ ಬಂದ ಮೇಲೆ ಎರಡು. ನಮ್ಮ ಕಡೆ ಮನೆಗೆ ಮೊದಲು ದಣಪೆ, ಅಂದರೆ ಬೇಲಿಯ ಗೇಟು, ಆಮೇಲೆ ಹೆಬ್ಬಾಗಿಲು, ಅಲ್ವಾ? ಹಾಗೆಯೇ ಇಲ್ಲಿ ಗುಮಾಸ್ತರು ಪೂಲರಿಗೆ ಪಾಸ್‌ವರ್ಡ್ ಕೊಡುವುದು ದಣಪೆ. ಅವರ ಹೆಸರಿನಲ್ಲಿ ಪೂಲರ್ ಪೋಸ್ಟ್‌ಗ್ರೆಸ್ಸಿಗೆ ಹೋಗಿ ತನ್ನನ್ನು ಗುರುತಿಸಿಕೊಳ್ಳುವುದು ಹೆಬ್ಬಾಗಿಲು. ದಣಪೆಯಲ್ಲಿ ಸರಿ ಎನಿಸಿಕೊಂಡವರು ಹೆಬ್ಬಾಗಿಲಿನಲ್ಲಿ ನಿಂತುಬಿಡಬಹುದು. ಲಾಗಿನ್ ಆಗ್ತಿಲ್ಲ ಅಂತ ಯಾರಾದರೂ ಹೇಳಿದರೆ ಈಗ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಯಾವ ಬಾಗಿಲಲ್ಲಿ? ಆ ರಾತ್ರಿ ಅದನ್ನು ಕೇಳಿಕೊಳ್ಳಲಿಲ್ಲ.

ದಣಪೆಯಲ್ಲಿ ಪೂಲರ್ ನೋಡುವುದು ಯೂಸರ್‌ಲಿಸ್ಟ್ ಅನ್ನುವ ಫೈಲನ್ನು. ಒಂದು ಸಾಲಿಗೆ ಒಬ್ಬರು. ಹೆಸರು, ಪಕ್ಕದಲ್ಲಿ ಪಾಸ್‌ವರ್ಡ್ ಅಥವಾ ಅದರ ಹ್ಯಾಶ್, ಅಂದರೆ ಪಾಸ್‌ವರ್ಡನ್ನು ಲೆಕ್ಕ ಹಾಕಿ ತೆಗೆದ, ಹಿಂದಕ್ಕೆ ಬಿಡಿಸಲಾಗದ ಗುರುತು. ಅದನ್ನು ನಾನು ಅಕ್ಟೋಬರಿನಲ್ಲಿ ಪರೀಕ್ಷೆಗೆಂದು ಪೋಸ್ಟ್‌ಗ್ರೆಸ್ ತನ್ನ ಬಳಕೆದಾರರ ಹ್ಯಾಶ್ ಇಡುವ ಪಿಜಿ_ಶ್ಯಾಡೋ ಪಟ್ಟಿಯಿಂದ ತೆಗೆದಿದ್ದೆ. ಡಿಸೆಂಬರಿನಲ್ಲಿ ಪೂಲರ್ ನಿಜವಾಗಿ ಹಾಕಿದಾಗಲೂ ಅದೇ ಫೈಲನ್ನೇ ಇಟ್ಟೆ. ಮೂಲ ತಪ್ಪು ಅಲ್ಲಿದೆ.

ಇನ್ನೊಂದು ಹಿನ್ನೆಲೆಯೂ ಬೇಕು. ಆ ವರ್ಷದ ಮಳೆಗಾಲದಲ್ಲಿ ಪೋಸ್ಟ್‌ಗ್ರೆಸ್ಸನ್ನು 11ರಿಂದ 15ಕ್ಕೆ ಏರಿಸಿದ್ದೆವು. 2021ರಲ್ಲಿ ಬಂದ 14ನೇ ಆವೃತ್ತಿಯಿಂದ ಹೊಸ ಪಾಸ್‌ವರ್ಡುಗಳನ್ನು ಪೋಸ್ಟ್‌ಗ್ರೆಸ್ ತಾನಾಗಿಯೇ ಸ್ಕ್ರ್ಯಾಮ್-ಶಾ-256 ರೀತಿಯಲ್ಲಿ ಇಡುತ್ತದೆ. ಆದರೆ ಹಳೆಯವನ್ನು ಮುಟ್ಟುವುದಿಲ್ಲ. ಹಳೇ ರೀತಿಯ ಎಂಡಿ5 ಹ್ಯಾಶುಗಳು ಇದ್ದ ಹಾಗೇ ಹೊಸ ಮನೆಗೆ ಬಂದವು. ನವೆಂಬರಿನಲ್ಲಿ ಸಂಘದವರು ಎಲ್ಲರೂ ಪಾಸ್‌ವರ್ಡ್ ಬದಲಿಸಿ ಅಂತ ಸುತ್ತೋಲೆ ಕಳಿಸಿದರು. ನಾವೇ ಹೇಳಿ ಕಳಿಸಿದ ಸುತ್ತೋಲೆ. ಸುಮಾರು ಜನ ಬದಲಿಸಿದರು, ಉಳಿದವರು ಬದಲಿಸಲಿಲ್ಲ.

ಪೂಲರ್ ಹಾಕಿದ ಸಂಜೆ ಆದದ್ದು ಇದು. ಪಾಸ್‌ವರ್ಡ್ ಬದಲಿಸದೆ ಬಿಟ್ಟವರೆಲ್ಲ ಸಲೀಸಾಗಿ ಒಳಗೆ ಹೋದರು. ಮಾತು ಕೇಳಿ ಬದಲಿಸಿದವರು ಹೊರಗುಳಿದರು.

ಬದಲಿಸಿದವರಲ್ಲಿ ಹೊಸ ಪಾಸ್‌ವರ್ಡ್ ಹೊಡೆದವರನ್ನು ದಣಪೆಯೇ ಬಿಡಲಿಲ್ಲ. ಫೈಲಿನಲ್ಲಿ ಇದ್ದದ್ದು ಅಕ್ಟೋಬರಿನ ಹ್ಯಾಶ್. ಕೆಲವರು ಹಳೇ ಪಾಸ್‌ವರ್ಡ್ ಹೊಡೆದು ನೋಡಿದರು. ದಣಪೆ ಬಿಟ್ಟಿತು, ಹೆಬ್ಬಾಗಿಲಿನಲ್ಲಿ ‘ಸರ್ವರ್ ಲಾಗಿನ್ ಫೇಲ್ಡ್: ರಾಂಗ್ ಪಾಸ್‌ವರ್ಡ್ ಟೈಪ್’ ಅಂತ ಬಂತು. ಪೋಸ್ಟ್‌ಗ್ರೆಸ್ ಸ್ಕ್ರ್ಯಾಮ್ ರೀತಿಯಲ್ಲಿ ಉತ್ತರ ಕೇಳುತ್ತಿತ್ತು, ಪೂಲರಿನ ಕೈಯಲ್ಲಿ ಇದ್ದದ್ದು ಎಂಡಿ5 ಹ್ಯಾಶ್.

ತಲೆ ಕೆಡಿಸಿದ್ದು ಮೂರನೇ ಗುಂಪು. ಸೊರಬದ ಕಡೆಯ ಇಬ್ಬರು, ಸೆಪ್ಟೆಂಬರಿನಲ್ಲಿ ಸೇರಿದವರು. ಅವರದ್ದು ಮೊದಲಿನಿಂದಲೂ ಸ್ಕ್ರ್ಯಾಮ್. ಸುತ್ತೋಲೆ ಬಂದಾಗ ಬದಲಿಸುವ ಪರದೆಗೆ ಹೋಗಿ ಮತ್ತೆ ಅದೇ ಪಾಸ್‌ವರ್ಡನ್ನೇ ಕೊಟ್ಟಿದ್ದರು. ಅಕ್ಟೋಬರಿಗೂ ಡಿಸೆಂಬರಿಗೂ ಒಂದೇ ಪಾಸ್‌ವರ್ಡ್. ಎರಡೂ ಕಡೆ ಸ್ಕ್ರ್ಯಾಮ್. ದಣಪೆ ದಾಟುತ್ತಾರೆ. ಹೆಬ್ಬಾಗಿಲಿನಲ್ಲಿ ಪಾಸ್‌ವರ್ಡ್ ತಪ್ಪು ಅನ್ನುತ್ತದೆ! ಆ ಹೊತ್ತಿಗೆ ನನಗೆ ಇದು ಅರ್ಥವಾಗಲಿಲ್ಲ.

ಆ ರಾತ್ರಿ

ಮರುದಿನ ಬೆಳಿಗ್ಗೆ ಎಂಟಕ್ಕೆ ಶಾಖೆಗಳು ತೆರೆಯಬೇಕು. ಪೂಲರ್ ತೆಗೆದರೆ ಮತ್ತೆ 97ರ ಮಿತಿ. ರಾತ್ರಿ ಎಂಟೂವರೆಗೆ ನಾನು ಎರಡು ಸಾಲು ಬದಲಿಸಿದೆ. ಯಾರನ್ನು ಎಲ್ಲಿಂದ ಹೇಗೆ ಬಿಡಬೇಕು ಅಂತ ಹೇಳುವ ಪೋಸ್ಟ್‌ಗ್ರೆಸ್ಸಿನ ಎಚ್‌ಬಿಎ ಫೈಲಿನಲ್ಲಿ 127.0.0.1ರಿಂದ, ಅಂದರೆ ಅದೇ ಯಂತ್ರದಿಂದ, ಬರುವವರಿಗೆ ‘ಟ್ರಸ್ಟ್’ ಅಂತ ಹಾಕಿದೆ. ಹೆಬ್ಬಾಗಿಲು ತೆರೆಯಿತು. ದಣಪೆಯಲ್ಲಿ ನಿಂತವರು ಹಾಗೇ ಇದ್ದರಲ್ಲ, ಅದಕ್ಕೆ ಗುರುತು ಹೇಗೆ ನೋಡಬೇಕು ಅಂತ ಹೇಳುವ ಪೂಲರಿನ ಆಥ್_ಟೈಪ್‌ಗೂ ‘ಟ್ರಸ್ಟ್’ ಕೊಟ್ಟೆ. ಎಲ್ಲರೂ ಒಳಗೆ ಬಂದರು. ನಾಳೆ ಮಧ್ಯಾಹ್ನ ಸರಿ ಮಾಡಿದರಾಯಿತು ಅಂತ ಮನೆಗೆ ಹೋದೆ.

ಟ್ರಸ್ಟ್ ಅಂದರೆ ಪಾಸ್‌ವರ್ಡನ್ನು ನೋಡುವುದೇ ಇಲ್ಲ. ಹೆಸರು ಯೂಸರ್‌ಲಿಸ್ಟಿನಲ್ಲಿ ಇದ್ದರೆ ಸಾಕು. ಶಾಖೆಗಳ ಜಾಲದಲ್ಲಿರುವ ಯಾರು ಬೇಕಾದರೂ ಇನ್ನೊಬ್ಬರ ಹೆಸರು ಹೊಡೆದು ಬಿಲ್ಲು ತಿದ್ದಬಹುದಿತ್ತು. ಟ್ರಿಗರ್ ಆ ಇನ್ನೊಬ್ಬರ ಹೆಸರನ್ನೇ ಬರೆದುಕೊಳ್ಳುತ್ತಿತ್ತು. ಎಚ್‌ಬಿಎ ಸಾಲಿನ ಅಪಾಯ ಇನ್ನೂ ಜಾಸ್ತಿ. ಅದೇ ಯಂತ್ರದಲ್ಲಿ ವರದಿ ತೆಗೆಯುವ ಮತ್ತೊಂದು ಪ್ರೋಗ್ರಾಂ ಓಡುತ್ತಿತ್ತು. ಅದರಲ್ಲಿ ಎಲ್ಲಾದರೂ ಒಂದು ಕಿಂಡಿ ಇದ್ದರೆ ಸೂಪರ್‌ಯೂಸರ್ ಆಗಿಯೇ ಒಳಗೆ ಹೋಗಬಹುದಿತ್ತು.

ತೀರ್ಥಹಳ್ಳಿಯ ಅಕ್ಕ ಫೋನ್ ಮಾಡದಿದ್ದರೆ ಆ ಮಧ್ಯಾಹ್ನ ಸಂಜೆಯಾಗುತ್ತಿತ್ತು, ಸಂಜೆ ಮರುದಿನವಾಗುತ್ತಿತ್ತು. ಸೀಸನ್ನಿನಲ್ಲಿ ಓಡುತ್ತಿರುವುದನ್ನು ಯಾರೂ ಮುಟ್ಟುವುದಿಲ್ಲ. ಅವರು ಫೋನ್ ಇಟ್ಟ ಹತ್ತು ನಿಮಿಷದಲ್ಲಿ ಎರಡೂ ಸಾಲು ಹಿಂದಕ್ಕೆ ಹಾಕಿದೆ. ಪಿಜಿ_ಶ್ಯಾಡೋದಿಂದ ಹೊಸದಾಗಿ ಯೂಸರ್‌ಲಿಸ್ಟ್ ತೆಗೆದು ಪೂಲರನ್ನು ರೀಲೋಡ್ ಮಾಡಿದೆ. ಎಲ್ಲರೂ ತಮ್ಮ ತಮ್ಮ ಪಾಸ್‌ವರ್ಡಿನಲ್ಲೇ ಒಳಗೆ ಹೋದರು, ಸೊರಬದ ಇಬ್ಬರೂ ಸೇರಿ. ಹತ್ತು ನಿಮಿಷದ ಕೆಲಸ. ಹಿಂದಿನ ರಾತ್ರಿಯೇ ಮಾಡಬಹುದಿತ್ತು.

ಒಂದೇ ಪಾಸ್‌ವರ್ಡ್ ಎರಡು ಗುಟ್ಟು ಆಗುವುದು ಹೇಗೆ

ಸೊರಬದ ಇಬ್ಬರ ಸಮಸ್ಯೆ ಮಾಯವಾಯಿತು, ಆದರೆ ಯಾಕೆ ಅಂತ ತಿಳಿಯದೆ ಬಿಡಲು ಮನಸ್ಸಾಗಲಿಲ್ಲ. ಇಡೀ ಪ್ರಕರಣದ ತಿರುಳು ಅಲ್ಲಿತ್ತು.

ಎಂಡಿ5 ರೀತಿ ಸರಳ. ಪಾಸ್‌ವರ್ಡಿಗೆ ಬಳಕೆದಾರರ ಹೆಸರು ಸೇರಿಸಿ ಹ್ಯಾಶ್ ತೆಗೆಯುತ್ತಾರೆ. ಹೆಸರು, ಪಾಸ್‌ವರ್ಡ್ ಅದೇ ಆದರೆ ಹ್ಯಾಶ್ ಯಾವಾಗಲೂ ಅದೇ. ಆ ಹ್ಯಾಶ್ ಒಂದೇ ಕೈಯಲ್ಲಿದ್ದರೂ ಸರ್ವರಿನ ಸವಾಲಿಗೆ ಉತ್ತರ ಕೊಡಬಹುದು. ಹಾಗಾಗಿ ಯೂಸರ್‌ಲಿಸ್ಟಿನಲ್ಲಿ ಎಂಡಿ5 ಇದ್ದರೆ ಪೂಲರ್ ಅದನ್ನೇ ತೋರಿಸಿ ಹೆಬ್ಬಾಗಿಲು ದಾಟುತ್ತದೆ. ಅನುಕೂಲವೇನೋ ಹೌದು. ಆದರೆ ಆ ಫೈಲು ಕದ್ದವರಿಗೂ ಅಷ್ಟೇ ಅನುಕೂಲ.

ಸ್ಕ್ರ್ಯಾಮ್ ಹಾಗಲ್ಲ. ಪಾಸ್‌ವರ್ಡ್ ಇಡುವಾಗ ಸಾಲ್ಟ್ ಅನ್ನುವ ಒಂದು ಯಾದೃಚ್ಛಿಕ ತುಣುಕನ್ನು ಸೇರಿಸಿ, ಮಾಮೂಲಿಯಾಗಿ 4096 ಸಲ ಅರೆಯುತ್ತದೆ. ಅದರಿಂದ ಬಂದ ಕ್ಲೈಂಟ್ ಕೀಯನ್ನು ಸರ್ವರ್ ಇಟ್ಟುಕೊಳ್ಳುವುದಿಲ್ಲ, ಆ ಕೀಯ ಹ್ಯಾಶನ್ನು ಮಾತ್ರ ಇಡುತ್ತದೆ. ಹಾಗಾಗಿ ಸರ್ವರಿನ ಪಟ್ಟಿ ಕದ್ದರೂ ಅದರಿಂದಲೇ ಲಾಗಿನ್ ಆಗಲು ಬರುವುದಿಲ್ಲ.

ಹಾಗಾದರೆ ನಡುವೆ ಕೂತ ಪೂಲರ್ ಹೆಬ್ಬಾಗಿಲು ದಾಟುವುದು ಹೇಗೆ? ಗುಮಾಸ್ತರು ದಣಪೆಯಲ್ಲಿ ಲಾಗಿನ್ ಆಗುವಾಗ ತಮ್ಮ ಕ್ಲೈಂಟ್ ಕೀಯನ್ನು ಒಂದು ಸಹಿಯೊಂದಿಗೆ ಬೆರೆಸಿ ಕಳಿಸುತ್ತಾರೆ. ಫೈಲಿನಲ್ಲಿರುವ ಹ್ಯಾಶಿನಿಂದ ಪೂಲರ್ ಆ ಸಹಿಯನ್ನು ತಾನೂ ಲೆಕ್ಕ ಹಾಕಿ ಬಿಡಿಸುತ್ತದೆ. ಉಳಿಯುವುದು ಕ್ಲೈಂಟ್ ಕೀ. ಅದನ್ನು ಹಿಡಿದುಕೊಂಡು ಪೂಲರ್ ಪೋಸ್ಟ್‌ಗ್ರೆಸ್ಸಿನ ಮುಂದೆ ನಿಲ್ಲುತ್ತದೆ.

ಆ ಕೀ ಹುಟ್ಟಿದ್ದು ಫೈಲಿನಲ್ಲಿರುವ ಸಾಲ್ಟಿನಿಂದ. ಪೋಸ್ಟ್‌ಗ್ರೆಸ್ಸಿನಲ್ಲಿರುವ ಸಾಲ್ಟ್ ಬೇರೆಯಾಗಿದ್ದರೆ ಕೀ ಹೊಂದುವುದಿಲ್ಲ. ಪಾಸ್‌ವರ್ಡನ್ನು ಮತ್ತೆ ಅದೇ ಅಕ್ಷರಗಳಲ್ಲಿ ಕೊಟ್ಟರೂ ಪೋಸ್ಟ್‌ಗ್ರೆಸ್ ಹೊಸ ಸಾಲ್ಟ್ ಹಾಕುತ್ತದೆ. ಸೊರಬದ ಇಬ್ಬರಿಗೆ ಆದದ್ದು ಅದೇ. ಅವರ ಪಾಸ್‌ವರ್ಡ್ ಬದಲಾಗಲಿಲ್ಲ, ಸಾಲ್ಟ್ ಬದಲಾಯಿತು. ಎರಡು ಕಡೆಯ ಗುಟ್ಟು, ಅಂದರೆ ಸಾಲ್ಟ್, ಹ್ಯಾಶ್ ಎಲ್ಲ ಸೇರಿದ ಸಾಲು, ಅಕ್ಷರ ಅಕ್ಷರವೂ ಒಂದೇ ಆಗಿರಬೇಕು, ಪಾಸ್‌ವರ್ಡ್ ಒಂದೇ ಆಗಿದ್ದರೆ ಸಾಲದು.

ಅಂದರೆ ನಾನು ಹೊಸದಾಗಿ ತೆಗೆದ ಯೂಸರ್‌ಲಿಸ್ಟ್ ಕೂಡ ಮುಂದಿನ ಪಾಸ್‌ವರ್ಡ್ ಬದಲಾವಣೆಯವರೆಗೆ ಮಾತ್ರ. ನಕಲು ಇಟ್ಟುಕೊಂಡಷ್ಟು ದಿನವೂ ಇದೇ ಕಾಟ.

ನಕಲು ಬಿಟ್ಟು, ಕೇಳಿ ತಿಳಿಯುವುದು

ತಂಡದಲ್ಲಿ ಒಬ್ಬರು, ಎಲ್ಲರಿಗೂ ಪೂಲರಿನಲ್ಲಿ ಒಂದೇ ಡೇಟಾಬೇಸ್ ಹೆಸರು ಕೊಟ್ಟುಬಿಡೋಣ ಅಂದರು. ಬೇರೆ ಎಷ್ಟೋ ಕಡೆ ಅದೇ ಸರಿಯಾದ ದಾರಿ. ಇಲ್ಲಿ ಆಗದು. 64 ಜನ ಮಾಡಿದ ಬಿಲ್ಲುಗಳೆಲ್ಲ ಒಂದೇ ಹೆಸರಿಗೆ ಬೀಳುತ್ತವೆ, ಬೆಳೆಗಾರರಿಗೆ ಕೊಡಲು ಉತ್ತರ ಉಳಿಯುವುದಿಲ್ಲ.

ನಾವು ಹಿಡಿದದ್ದು ಆಥ್_ಕ್ವೆರಿ. ಯಾರಾದರೂ ದಣಪೆಗೆ ಬಂದಾಗ ಪೂಲರ್ ತಾನೇ ಪೋಸ್ಟ್‌ಗ್ರೆಸ್ಸಿಗೆ ಹೋಗಿ, ಇವರ ಗುಟ್ಟು ಈಗ ಏನಿದೆ ಅಂತ ಕೇಳುತ್ತದೆ. ನಕಲೇ ಇಲ್ಲದ ಮೇಲೆ ಹಳತಾಗುವುದೂ ಇಲ್ಲ.

ಕೇಳಲು ಹೋಗುವುದಕ್ಕೆ ಒಬ್ಬ ಬಳಕೆದಾರ ಬೇಕು. ಪಿಜಿ_ಶ್ಯಾಡೋ ಓದಲು ಸೂಪರ್‌ಯೂಸರ್ ಹಕ್ಕು ಬೇಕು, ಅದನ್ನು ಪೂಲರಿನ ಕೈಗೆ ಕೊಡಬಾರದು. ಅದಕ್ಕೆ ಏನೂ ಹಕ್ಕಿಲ್ಲದ ಒಂದು ಹೊಸ ಬಳಕೆದಾರ ಹೆಸರು ಮಾಡಿದೆವು. ಸೂಪರ್‌ಯೂಸರಿನ ಹೆಸರಿನಲ್ಲಿ ಒಂದು ಸಣ್ಣ ಫಂಕ್ಷನ್ ಬರೆದೆವು. ಕರೆದವರು ಯಾರೇ ಆದರೂ ಒಡೆಯನ ಹಕ್ಕಿನಲ್ಲಿ ಓಡುವ, ‘ಸೆಕ್ಯುರಿಟಿ ಡಿಫೈನರ್’ ಅನ್ನುವ ಬಗೆಯದು. ಒಂದು ಹೆಸರು ಕೊಟ್ಟರೆ ಆ ಒಬ್ಬರ ಗುಟ್ಟು ಮಾತ್ರ ಕೊಡುತ್ತದೆ. ಸೂಪರ್‌ಯೂಸರ್ ಹೆಸರು ಕೇಳಿದರೆ ಏನೂ ಕೊಡುವುದಿಲ್ಲ. ಫಂಕ್ಷನ್ ಬೇರೆಲ್ಲೋ ಇಟ್ಟ ಅದೇ ಹೆಸರಿನ ಪಟ್ಟಿಯನ್ನು ನೋಡದಂತೆ ಅದರ ಸರ್ಚ್_ಪಾತ್ (ಹೆಸರು ಹುಡುಕುವ ಜಾಗಗಳ ಸಾಲು) ಕಟ್ಟಿಹಾಕಿದೆವು. ಎಲ್ಲರಿಂದ ಕರೆಯುವ ಹಕ್ಕು ಕಿತ್ತು ಆ ಒಬ್ಬ ಬಳಕೆದಾರನಿಗೆ ಮಾತ್ರ ಕೊಟ್ಟೆವು. ಇದನ್ನು ಮರೆಯಬೇಡಿ. ಪೋಸ್ಟ್‌ಗ್ರೆಸ್ಸಿನಲ್ಲಿ ಹೊಸ ಫಂಕ್ಷನ್ನನ್ನು ಮಾಮೂಲಿಯಾಗಿ ಯಾರು ಬೇಕಾದರೂ ಕರೆಯಬಹುದು.

ಪಾಸ್‌ವರ್ಡಿನ ಅವಧಿ ಮುಗಿದಿದೆಯಾ ಅಂತಲೂ ಫಂಕ್ಷನ್ನಿನಲ್ಲೇ ನೋಡುತ್ತೇವೆ. ಕಾರಣವಿದೆ. ಕೆಲಸ ಬಿಟ್ಟವರ ಹೆಸರಿನಲ್ಲಿ ಡೇಟಾಬೇಸಿಗೆ ತೆರೆದಿಟ್ಟ ಕನೆಕ್ಷನ್ ಒಂದು ಪೂಲರಿನಲ್ಲಿ ಉಳಿದಿರಬಹುದು. ಆಗ ಪೂಲರ್ ಹೆಬ್ಬಾಗಿಲಿಗೆ ಮತ್ತೆ ಹೋಗುವುದೇ ಇಲ್ಲ. ದಣಪೆಯಲ್ಲಿ ತಡೆಯದಿದ್ದರೆ ಬೇರೆಲ್ಲೂ ತಡೆಯಲು ಆಗದು.

ಮೊದಲ ಪ್ರಯತ್ನದಲ್ಲಿ ಪೂಲರಿಗೇ ಹೆಬ್ಬಾಗಿಲು ತೆರೆಯಲಿಲ್ಲ. ಮತ್ತೆ ಅದೇ ‘ರಾಂಗ್ ಪಾಸ್‌ವರ್ಡ್ ಟೈಪ್’. ಈ ಸಲ ಐದು ನಿಮಿಷದಲ್ಲಿ ಹೊಳೆಯಿತು. ಹೊಸ ಬಳಕೆದಾರನ ಸ್ಕ್ರ್ಯಾಮ್ ಗುಟ್ಟನ್ನು ಯೂಸರ್‌ಲಿಸ್ಟಿನಲ್ಲಿ ಹಾಕಿದ್ದೆ. ಆದರೆ ಅವನ ಹೆಸರಿನಲ್ಲಿ ದಣಪೆಗೆ ಯಾರೂ ಬರುವುದಿಲ್ಲ. ಪೂಲರ್ ತಾನಾಗಿಯೇ ಹೊರಡುತ್ತದೆ, ಹಾಗಾಗಿ ಕ್ಲೈಂಟ್ ಕೀ ಸಿಗುವುದಿಲ್ಲ. ಅವನೊಬ್ಬನ ಪಾಸ್‌ವರ್ಡನ್ನು ಫೈಲಿನಲ್ಲಿ ಇದ್ದ ಹಾಗೇ ಬರೆಯಲೇಬೇಕಾಯಿತು. ಮನಸ್ಸಿಗೆ ಹಿತವಾಗಲಿಲ್ಲ. ಫೈಲನ್ನು ಪೂಲರ್ ಓಡುವ ಖಾತೆಗೆ ಮಾತ್ರ ಓದಲು ಬರುವಂತೆ 600 ಮಾಡಿದೆವು. ಅವನನ್ನು 127.0.0.1ರಿಂದ ಮಾತ್ರ ಬಿಡುವಂತೆ ಎಚ್‌ಬಿಎ ಫೈಲಿನಲ್ಲಿ ಬರೆದೆವು. ಅಲ್ಲಿ ಮೊದಲು ಹೊಂದಿದ ಸಾಲೇ ಅಂತಿಮ, ಮುಂದಿನದಕ್ಕೆ ಹೋಗುವುದಿಲ್ಲ. ಅವನ ಸಾಲನ್ನು ಮೇಲಿಟ್ಟೆವು.

ಎರಡನೇ ಎಡವಟ್ಟು: ಒಬ್ಬರ ಪಾಸ್‌ವರ್ಡ್ ಬದಲಿಸಿ ನೋಡಿದರೆ ಹೊಸದು ಹಿಡಿಯುತ್ತಿಲ್ಲ. ಯೂಸರ್‌ಲಿಸ್ಟಿನಲ್ಲಿ 64 ಹಳೇ ಸಾಲುಗಳನ್ನು ಅಳಿಸಿರಲಿಲ್ಲ. ಫೈಲಿನಲ್ಲಿ ಹೆಸರಿದ್ದರೆ ಪಿಜಿಬೌನ್ಸರ್ ಅದನ್ನೇ ನಂಬುತ್ತದೆ. ಅಲ್ಲಿಲ್ಲದವರಿಗೆ ಮಾತ್ರ ಆಥ್_ಕ್ವೆರಿ. ಒಂದು ಸಾಲು ಉಳಿಸಿ ಉಳಿದದ್ದೆಲ್ಲ ಅಳಿಸಿದೆವು.

ಹಿಂದಿನ ವರ್ಷದ ಲೆಕ್ಕ ಇರುವ ಇನ್ನೊಂದು ಡೇಟಾಬೇಸಿಗೆ ಹೋಗಲಾಗದೆ ಸಾಗರ ಶಾಖೆಯವರು ಕರೆದರು. ಫಂಕ್ಷನ್ ಅಲ್ಲಿ ಇರಲಿಲ್ಲ. ಎಲ್ಲ ಡೇಟಾಬೇಸುಗಳಲ್ಲೂ ಅದು ಇರಬೇಕು, ಇಲ್ಲವೇ ಆಥ್_ಡಿಬಿನೇಮ್ ಅಂತ ಒಂದನ್ನು ತೋರಿಸಬೇಕು. ತೋರಿಸಿದೆವು.

ಎಂಡಿ5 ಬಿಡಿಸಿದ್ದು

ಉಳಿದ ಎಂಡಿ5 ಹ್ಯಾಶುಗಳನ್ನು ತಾನಾಗಿ ಸ್ಕ್ರ್ಯಾಮ್ ಮಾಡುವ ದಾರಿಯಿಲ್ಲ. ಪಾಸ್‌ವರ್ಡನ್ನು ಜನರೇ ಮತ್ತೆ ಕೊಡಬೇಕು. ದಿನಕ್ಕೊಂದು ಶಾಖೆಯಂತೆ ಫೋನ್ ಮಾಡಿ ಮಾಡಿಸಿದೆವು. ಹೊಸನಗರದಲ್ಲಿ ಮಾತ್ರ ಬದಲಿಸಿದ ಕೂಡಲೇ ನಾಲ್ಕು ಕಂಪ್ಯೂಟರ್ ನಿಂತವು. ‘ಆಥೆಂಟಿಕೇಶನ್ ಮೆಥಡ್ 10 ನಾಟ್ ಸಪೋರ್ಟೆಡ್’ ಅಂತ ಬರುತ್ತಿತ್ತು. ಆ ಕಂಪ್ಯೂಟರುಗಳಲ್ಲಿ ಡೇಟಾಬೇಸಿನ ಜೊತೆ ಮಾತಾಡುವ ಡ್ರೈವರ್ ತಂತ್ರಾಂಶಕ್ಕೆ ಸ್ಕ್ರ್ಯಾಮ್ ಗೊತ್ತೇ ಇರಲಿಲ್ಲ. ಪೋಸ್ಟ್‌ಗ್ರೆಸ್ಸಿಗೆ ಸ್ಕ್ರ್ಯಾಮ್ ಬಂದದ್ದು 2017ರ 10ನೇ ಆವೃತ್ತಿಯಲ್ಲಿ, ಆ ಡ್ರೈವರ್ ಅದಕ್ಕೂ ಹಳೆಯದು. ಆಯನೂರು, ರಿಪ್ಪನ್‌ಪೇಟೆ ದಾಟಿ ಬಸ್ಸಿನಲ್ಲಿ ಹೋಗಿ ಹೊಸ ಡ್ರೈವರ್ ಹಾಕಿ ಬಂದೆ. ಮೊದಲೇ ನೋಡಿಕೊಂಡಿದ್ದರೆ ಅವರಿಗೆ ಅರ್ಧ ದಿನ ಉಳಿಯುತ್ತಿತ್ತು.

ಎಲ್ಲರೂ ಬದಲಿಸಿದ ಮೇಲೆ ಆಥ್_ಟೈಪನ್ನು ಎಚ್‌ಬಿಎ ಮಾಡಿ, ಪೂಲರಿಗೇ ಒಂದು ಎಚ್‌ಬಿಎ ಫೈಲು ಕೊಟ್ಟೆವು. ಶಾಖೆಗಳ ವಿಳಾಸಗಳಿಂದ ಸ್ಕ್ರ್ಯಾಮ್ ಮೂಲಕ ಮಾತ್ರ ಪ್ರವೇಶ. ಮೊದಲು ಈ ವಿಳಾಸದ ಕಟ್ಟುಪಾಡು ಪೋಸ್ಟ್‌ಗ್ರೆಸ್ಸಿನಲ್ಲಿತ್ತು. ಪೂಲರ್ ಬಂದ ಮೇಲೆ ಪೋಸ್ಟ್‌ಗ್ರೆಸ್ಸಿಗೆ ಎಲ್ಲರೂ 127.0.0.1ರಿಂದಲೇ ಬಂದಂತೆ ಕಾಣುತ್ತಾರೆ, ಹಾಗಾಗಿ ಅಲ್ಲಿ ಅದು ಕೆಲಸ ಮಾಡದು. ಲಾಗಿನಲ್ಲಿ ಯಾವ ಕಂಪ್ಯೂಟರ್ ಅಂತ ತಿಳಿಯಲು ಅಪ್ಲಿಕೇಶನ್_ನೇಮ್_ಆಡ್_ಹೋಸ್ಟ್ ಅನ್ನುವುದನ್ನು 1 ಮಾಡಿದೆವು.

ಪೂಲಿನ ಲೆಕ್ಕವನ್ನೂ ಮತ್ತೆ ಹಾಕಬೇಕಾಯಿತು. ಪಿಜಿಬೌನ್ಸರ್ ಪೂಲ್ ಕಟ್ಟುವುದು ಬಳಕೆದಾರ ಮತ್ತು ಡೇಟಾಬೇಸಿನ ಪ್ರತಿ ಜೋಡಿಗೆ ಒಂದರಂತೆ. ಮಾಮೂಲಿ ಪೂಲ್ ಗಾತ್ರ 20. 64 ಜನರಿಗೆ 1280 ಆಗುತ್ತದೆ! ಅದನ್ನು 2ಕ್ಕೆ ಇಳಿಸಿದೆವು. ಈ ವರ್ಷದ ಡೇಟಾಬೇಸಿಗೆ ಒಟ್ಟು 70, ಹಳೆಯದಕ್ಕೆ 15 ಅಂತ ಮೇಲ್ಮಿತಿ ಇಟ್ಟೆವು. ಮಾಮೂಲಿಯಾಗಿ 10 ನಿಮಿಷ ಉಳಿಯುವ ಖಾಲಿ ಕನೆಕ್ಷನ್ ಒಂದೇ ನಿಮಿಷಕ್ಕೆ ಮುಚ್ಚುವಂತೆ ಮಾಡಿದೆವು. ಒಬ್ಬೊಬ್ಬರಿಗೆ ಒಂದೊಂದು ಹೆಸರು ಉಳಿಸಿಕೊಳ್ಳುವುದಕ್ಕೆ ತೆತ್ತ ಬೆಲೆ ಇದು. ಪೂಲರಿನ ಪೂರ್ತಿ ಲಾಭ ಸಿಗುವುದಿಲ್ಲ. ನಮಗೆ ಆ ಬೆಲೆ ಸರಿ ಅನ್ನಿಸಿತು.

ತೆರೆದಿದ್ದ ಹೊತ್ತು

ಇಷ್ಟೆಲ್ಲ ಮಾಡುವ ಮೊದಲೇ, ಫೋನ್ ಬಂದ ದಿನವೇ, ಸಂಘದ ಕಾರ್ಯದರ್ಶಿಗಳ ಬಳಿ ಹೋಗಿ ನಡೆದದ್ದನ್ನು ಹೇಳಿದ್ದೆ. ಅವರು ಬೈಯಲಿಲ್ಲ. “ಎಷ್ಟು ಹೊತ್ತು ತೆರೆದಿತ್ತು?” ಅಂತ ಮಾತ್ರ ಕೇಳಿದರು.

ಪೂಲರಿನ ಲಾಗಿನಲ್ಲಿ ಎರಡೂ ರೀಲೋಡಿನ ಹೊತ್ತು ಇತ್ತು. ರಾತ್ರಿ ಎಂಟೂವರೆಯಿಂದ ಬೆಳಿಗ್ಗೆ ಹತ್ತೂ ಹತ್ತರವರೆಗೆ. ಆ ಅವಧಿಯಲ್ಲಿ ಆದ ಪ್ರತಿ ಬಿಲ್ಲು, ಪ್ರತಿ ತಿದ್ದುಪಡಿಯನ್ನು ತೆಗೆದು ಶಾಖೆವಾರು ಪಟ್ಟಿ ಮಾಡಿದೆವು. ತೂಕದ ಹೊತ್ತಿಗೆ ಕೈಯಲ್ಲಿ ಬರೆದು ಬೆಳೆಗಾರರಿಗೆ ಕೊಡುವ ಚೀಟಿಯ ಅರೆಭಾಗ ಪ್ರತಿ ಶಾಖೆಯಲ್ಲೂ ಇರುತ್ತದೆ. ಒಂದೊಂದೇ ಚೀಟಿಗೆ ಒಂದೊಂದೇ ಬಿಲ್ಲು ತಾಳೆ ನೋಡಿದರು. ನಾನು ಫೋನಿನಲ್ಲಿ ಓದುತ್ತಿದ್ದೆ, ಅವರು ಚೀಟಿ ಹಿಡಿದು ಹೌದು ಅನ್ನುತ್ತಿದ್ದರು. ತೀರ್ಥಹಳ್ಳಿಯದ್ದು ಅದೇ ದಿನ ಮುಗಿಯಿತು. ಸಾಗರ, ಸೊರಬ ಮರುದಿನ. ಹೊಸನಗರದ ಕಟ್ಟಿನಲ್ಲಿ ಎರಡು ಚೀಟಿ ಸಿಗದೆ ಆ ಬೆಳೆಗಾರರ ಮನೆಗೇ ಫೋನ್ ಮಾಡಿ ಅವರಲ್ಲಿದ್ದ ಅರೆಭಾಗ ಓದಿಸಿಕೊಂಡರು. ಅದೂ ಹೊಂದಿತು. ಮೂರನೇ ದಿನ ಸಂಜೆ ಪಟ್ಟಿಗೆ ಸಹಿ ಹಾಕಿ ಕಾರ್ಯದರ್ಶಿಗಳಿಗೆ ಕೊಟ್ಟೆವು.